ಎಡೆಯ ಮೇಲಿನ ಮಾತ್ರೆ

ಮಾರ್ಲಮಿ ಅಮಾವಾಸ್ಯೆಗೆ ನಮ್ಮೂರಲ್ಲಿ ಹಿರಿಯರ ಹಬ್ಬ. ನಡುಮನೆ ಸಾರಿಸಿ, ಕಳಶ ಇಟ್ಟು, ತೀರಿಕೊಂಡವರಿಗೆಲ್ಲ ಬಾಳೆಲೆಯಲ್ಲಿ ಎಡೆ ಹಾಕುತ್ತಾರೆ. ಬದುಕಿದ್ದಾಗ ಯಾರಿಗೆ ಏನು ಇಷ್ಟವಿತ್ತೋ ಅದು ಅವರವರ ಎಡೆಯಲ್ಲಿ ಇರಲೇಬೇಕು. ತಾತನಿಗೆ ಮುದ್ದೆ, ಬಾಡಿನ ಸಾರು, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಮದುವೆಯಾದ ಎರಡನೇ ವರ್ಷಕ್ಕೇ ಹೋದ ಸೋದರತ್ತೆಗೆ ಕಡ್ಲೆಮಿಠಾಯಿ, ಒಂದು ಡಜನ್ ಹಸಿರು ಬಳೆ. ಅಜ್ಜಿಗೆ ಒಬ್ಬಟ್ಟು, ಎಲೆ ಅಡಿಕೆ, ಕಡ್ಡಿಪುಡಿ, ಮಡಿಕೆ ಬಿಚ್ಚದ ಸೀರೆ, ಕೊನೆಗೆ ಒಂದು ಪಟ್ಟಿ ತಲೆನೋವಿನ ಮಾತ್ರೆ.

ಧೂಪ ಹಾಕಿದ ಮೇಲೆ ಬಾಗಿಲು ಮುಂದಕ್ಕೆಳೆದು ಎಲ್ಲರೂ ಜಗಲಿಗೆ ಬಂದು ಕೂರುತ್ತೇವೆ. ಒಳಗೆ ಹಿರಿಯರು ಉಣ್ಣುವ ಹೊತ್ತು ಅದು. ಹೋದ ವರ್ಷ ಆ ಹೊತ್ತಿನಲ್ಲಿ, ಬೆಂಗಳೂರಿನಿಂದ ಬಂದಿದ್ದ ದೊಡ್ಡಪ್ಪನ ಮಗ ಹುಡುಗರನ್ನೆಲ್ಲ ಸುತ್ತ ಕೂರಿಸಿಕೊಂಡು ಮಾತು ಶುರುಮಾಡಿದ. ‘ನಮ್ಮಜ್ಜಿ ಎಂಟು ಹೆತ್ತು ಮೂರು ಮಣ್ಣು ಮಾಡ್ದೋಳು ಕಣ್ರೋ. ಬರ ನೋಡಿದ್ಲು, ಸಾಲ ನೋಡಿದ್ಲು, ತಾತನ ಕುಡಿತ ನೋಡಿದ್ಲು. ಒಂದಿನ ಡಿಪ್ರೆಷನ್ ಅಂದ್ಲಾ? ನಿಮಗೆ ಒಂದು ಪರೀಕ್ಷೆ ಫೇಲಾದ್ರೆ ಕೌನ್ಸೆಲಿಂಗ್ ಬೇಕು. ಆ ಗಟ್ಟಿತನ ನಿಮ್ಮ ರಕ್ತದಲ್ಲೇ ಐತೆ, ತೆಗೆದು ಉಪಯೋಗಿಸ್ಕೊಳ್ಳಿ ಅಷ್ಟೆ.’ ಹುಡುಗರು ತಲೆಯಾಡಿಸಿದರು. ಅವರಲ್ಲಿ ಒಬ್ಬಳು, ಪಿಯುಸಿ ಮುಗಿಸಿ ವರ್ಷದಿಂದ ಮನೆಯಲ್ಲೇ ಕೂತಿರುವ ಹುಡುಗಿ, ತಲೆಯಾಡಿಸಲಿಲ್ಲ, ತಗ್ಗಿಸಿಕೊಂಡಳು. ನನಗೆ ಒಳಗಿನ ಮಾತ್ರೆಯ ಪಟ್ಟಿ ಕಣ್ಣ ಮುಂದೆ ಬಂತು.

ಅಣ್ಣನ ಮೇಲೆ ನನಗೆ ಸಿಟ್ಟಿಲ್ಲ. ಅವನು ಹೇಳಿದ್ದು ಅವನದೇ ಮಾತಲ್ಲ. ಈಗ ಮದುವೆಮನೆಯ ಭಾಷಣ, ವಾಟ್ಸಾಪ್ ಗುಂಪು, ಕಂಪನಿಗಳ ಒತ್ತಡ ನಿವಾರಣಾ ಶಿಬಿರ, ಮಲೆನಾಡಿನ ರೆಸಾರ್ಟಿನ ‘ಅಜ್ಜಿಮನೆ ಪ್ಯಾಕೇಜು’ ಎಲ್ಲ ಕಡೆ ಓಡುತ್ತಿರುವ ನಾಣ್ಯ ಇದೇ. ಅದರ ಮುದ್ರೆ ಹೀಗಿದೆ: ನಮ್ಮ ಹಿರಿಯರು ಗಟ್ಟಿ ಜನ, ಅವರಿಗೆ ಮನಸ್ಸಿನ ಕಾಯಿಲೆಗಳಿರಲಿಲ್ಲ, ಏನು ಬಂದರೂ ತುಟಿ ಪಿಟಕ್ಕೆನ್ನದೆ ತಾಳಿಕೊಂಡರು. ಆ ಕಸುವು ನಮ್ಮ ವಂಶದಲ್ಲಿ ಹರಿದು ಬಂದಿದೆ. ಬೇರಿಗೆ ಮರಳಿದರೆ ಗಾಯ ಮಾಯುತ್ತದೆ. ಕೇಳಲು ಹಿತವಾದ ಮಾತು. ಹಿರಿಯರ ಮೇಲಿನ ಪ್ರೀತಿಯಂತೆ ಕಾಣುವುದರಿಂದ ಎದುರಾಡಲೂ ಮುಜುಗರ. ಆದರೂ ಎದುರಾಡಬೇಕು. ಇದು ಹಿರಿಯರ ಬಗ್ಗೆ ಹೇಳುವ ಸುಳ್ಳು, ಮತ್ತು ಆ ಸುಳ್ಳಿನ ಬೆಲೆಯನ್ನು ತೆರುತ್ತಿರುವವರು ಇವತ್ತು ತಲೆ ತಗ್ಗಿಸಿ ಕೂತವರು.

ಮೊದಲು ‘ಇರಲಿಲ್ಲ’ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಇಲ್ಲದ್ದಕ್ಕೆ ಯಾರೂ ಹೆಸರಿಡುವುದಿಲ್ಲ. ನಮ್ಮ ಅಜ್ಜಿಯರ ಬಾಯಲ್ಲಿ ಎಷ್ಟು ಹೆಸರುಗಳಿದ್ದವು ನೋಡಿ: ಮಂಕು ಬಡಿದವನು, ಕೊರಗು ಹಚ್ಚಿಕೊಂಡವಳು, ಗೀಳು ಹಿಡಿದವನು, ಗಾಳಿ ಸೋಕಿದವಳು, ಚಿತ್ತ ಕದಡಿದವನು, ಹಾಸಿಗೆ ಹಿಡಿದವಳು. ಹೆತ್ತ ಕೆಲವು ದಿನಗಳಲ್ಲಿ ಬುದ್ಧಿ ಕೆಡುವುದಕ್ಕೆ ‘ಬಾಣಂತಿ ಸನ್ನಿ’ ಎಂಬ ಹೆಸರಿತ್ತು. ಹೆರಿಗೆಯ ನಂತರ ಮನಸ್ಸು ಕೆಡುವುದು ಪೇಟೆಯ ಹೆಂಗಸರ ಹೊಸ ಶೋಕಿ ಎನ್ನುವವರು ಈ ಒಂದು ಪದಕ್ಕೆ ಉತ್ತರ ಕೊಡಲಿ. ಇನ್ನೂ ಹಿಂದೆ ಹೋಗಬೇಕೆಂದರೆ ಚರಕಸಂಹಿತೆಗೇ ಹೋಗಿ. ಅಲ್ಲಿ ಉನ್ಮಾದದ ಲಕ್ಷಣಕ್ಕೊಂದು ಅಧ್ಯಾಯ, ಚಿಕಿತ್ಸೆಗೆ ಇನ್ನೊಂದು ಅಧ್ಯಾಯವಿದೆ. ಪರಂಪರೆಯ ಹೆಸರು ಹೇಳುವವರು ಪರಂಪರೆಯ ಪುಸ್ತಕವನ್ನಾದರೂ ತೆರೆದು ನೋಡಬಾರದೆ?

ಮನೆ ಬಿಟ್ಟು ಹೋದವರ ಲೆಕ್ಕ ಬೇರೆ. ಪ್ರತಿ ಹಳೇ ಮನೆತನದಲ್ಲೂ ‘ದೇಶಾಂತರ ಹೋದ’ ಒಬ್ಬ ಚಿಕ್ಕಪ್ಪ ಇರುತ್ತಾನೆ. ಪ್ರತಿ ಹಳೇ ಬಾವಿಗೂ ‘ಕಾಲು ಜಾರಿ ಬಿದ್ದ’ ಒಬ್ಬ ಸೊಸೆ ಇರುತ್ತಾಳೆ. ನಮ್ಮ ಸೋದರತ್ತೆಯೂ ಕಾಲು ಜಾರಿಯೇ ಬಿದ್ದದ್ದು. ದಿನಕ್ಕೆ ಆರು ಸಲ ನೀರು ಸೇದುತ್ತಿದ್ದ ಬಾವಿಯಲ್ಲಿ, ಬೆಳದಿಂಗಳ ರಾತ್ರಿ ಕಾಲು ಜಾರಿತು ಎಂದು ನಮ್ಮ ಮನೆಯಲ್ಲಿ ಅರವತ್ತು ವರ್ಷದಿಂದ ಹೇಳುತ್ತಾ ಬಂದಿದ್ದೇವೆ. ಅಜ್ಜಿಯ ತಲೆನೋವು ಶುರುವಾದದ್ದು ಅದೇ ವರ್ಷ ಎಂದು ಅಮ್ಮ ಹೇಳುತ್ತಿದ್ದಳು. ಹೇಳಿ, ತಕ್ಷಣ ಬೇರೆ ಮಾತಿಗೆ ಹೋಗುತ್ತಿದ್ದಳು.

ಆ ತಲೆನೋವನ್ನು ನಾನು ನೋಡಿದ್ದೇನೆ. ಎಲೆ ಅಡಿಕೆಯ ಸಂಚಿಯಲ್ಲೇ, ಸುಣ್ಣದ ಡಬ್ಬಿಯ ಪಕ್ಕ, ಕಾಗದದಲ್ಲಿ ಸುತ್ತಿದ ಮಾತ್ರೆ ಇರುತ್ತಿತ್ತು. ಮಧ್ಯಾಹ್ನ ಎಲ್ಲರ ಊಟವಾಗಿ, ದನಕ್ಕೆ ಕಲಗಚ್ಚು ಇಟ್ಟು, ಹಿತ್ತಲ ಕಲ್ಲಿನ ಮೇಲೆ ಕೂತು ಸೆರಗಿನಿಂದ ಹಣೆಯನ್ನು ಬಿಗಿಯಾಗಿ ಕಟ್ಟಿಕೊಳ್ಳುವಳು. ಒಂದು ಮಾತ್ರೆ ಬಾಯಿಗೆ ಹಾಕಿ, ನೀರೂ ಕುಡಿಯದೆ ಕರಗಿಸುವಳು. ‘ಏನಜ್ಜಿ?’ ಎಂದರೆ, ‘ತಲೆ ಸಿಡೀತದೆ ಕಣ್ಮಗ, ನೀ ಆಡ್ಕೋ ಹೋಗು.’ ಮೂಲೆಯಂಗಡಿಯವನು ಬೀಡಿ ಕೊಟ್ಟಷ್ಟೇ ಸಲೀಸಾಗಿ ಬಿಡಿ ಮಾತ್ರೆ ಕೊಡುತ್ತಿದ್ದ. ಅದನ್ನು ತರಲು ಓಡುತ್ತಿದ್ದವನೇ ನಾನು. ಮನಸ್ಸಿನ ಸಂಕಟವನ್ನು ತಲೆನೋವು, ಎದೆಯುರಿ, ಮೈಕೈ ಸೆಳೆತ ಎಂದು ಹೇಳಿಕೊಳ್ಳುವವರನ್ನು ನಮ್ಮ ನಾಡಿನ ವೈದ್ಯರು ದಿನಾಲೂ ನೋಡುತ್ತಾರೆ. ಅಳಲು ಅನುಮತಿ ಇಲ್ಲದ ಮನೆಯಲ್ಲಿ ತಲೆ ನೋಯಲು ಮಾತ್ರ ಅನುಮತಿ ಇರುತ್ತದೆ. ಈ ಹೆಂಗಸನ್ನು ಅಣ್ಣ ಜಗಲಿಯ ಮೇಲೆ ಗಟ್ಟಿತನದ ಉದಾಹರಣೆ ಮಾಡುತ್ತಿದ್ದ.

ಕನ್ನಡದಲ್ಲಿ ತಾಳುವುದು ಒಂದು, ಚೇತರಿಸಿಕೊಳ್ಳುವುದು ಇನ್ನೊಂದು. ಎರಡನ್ನೂ ಒಂದೇ ಮಾಡಿದ್ದು ಈಗಿನವರ ಕೈಚಳಕ. ‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ಎಲ್ಲರೂ ಎತ್ತಾಡುತ್ತಾರೆ. ಅದನ್ನು ಹೇಳಿದವರು ಯಾರು, ಯಾರಿಗೆ ಹೇಳಿದರು ಎಂದು ಯೋಚಿಸಿ. ಯಜಮಾನ ಆಳಿಗೆ ಹೇಳಿದ್ದಾನೆ, ಅತ್ತೆ ಸೊಸೆಗೆ ಹೇಳಿದ್ದಾಳೆ, ಸಾಹುಕಾರ ಸಾಲಗಾರನಿಗೆ ಹೇಳಿದ್ದಾನೆ. ಆಳು ತಿರುಗಿ ಯಜಮಾನನಿಗೆ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಹಿರಿಯರು ತುಟಿ ಪಿಟಕ್ಕೆನ್ನಲಿಲ್ಲ ಎನ್ನುವುದೂ ನಿಜವಲ್ಲ. 1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದಾಗ, ಕನ್ನಡದ ಓದುಬಲ್ಲ ಲೋಕಕ್ಕೆ ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸು ಏನು ಹೇಳುತ್ತಿದ್ದಳೆಂದು ಗೊತ್ತಾಯಿತು. ಅಲ್ಲಿ ತವರಿನ ಹಂಬಲವಿದೆ, ಮಕ್ಕಳ ಮೇಲಿನ ಮೋಹವಿದೆ, ಜೊತೆಗೆ ಅತ್ತೆಮನೆಯ ಮೇಲಿನ ದೂರೂ ಇದೆ. ಬೆಳಗಿನ ಜಾವ ರಾಗಿ, ಜೋಳದ ಹಿಟ್ಟಿನ ಜೊತೆ ದೂರನ್ನೂ ಬೀಸುತ್ತಿದ್ದರು. ಕಲ್ಲಿನ ಸದ್ದಿನಲ್ಲಿ ಹೇಳಿದ್ದು ಮಾವನಿಗೆ ಕೇಳಿಸಬಾರದು, ಪಕ್ಕದಲ್ಲಿ ಕೂತ ಓರಗಿತ್ತಿಗೆ ಕೇಳಿಸಬೇಕು. ಅಷ್ಟು ಲೆಕ್ಕಾಚಾರದ ಮೌನವನ್ನು ನಾವು ‘ಸಹನಾಮೂರ್ತಿ’ ಎಂದು ಫ್ರೇಮು ಹಾಕಿಸಿ ಗೋಡೆಗೆ ನೇತುಹಾಕಿದ್ದೇವೆ. ಅವರಿಗೆ ಹೇಳಿಕೊಳ್ಳಲು ಒಂದು ಜಾಗವಿತ್ತು, ಪಕ್ಕದಲ್ಲಿ ಕೇಳಲು ಒಬ್ಬಳಿದ್ದಳು. ಮಿಕ್ಸಿ ಬಂದದ್ದಕ್ಕೆ ನಾನು ಅಳುತ್ತಿಲ್ಲ. ಬೀಸಿದವರ ರಟ್ಟೆ ನೋವು ಬೀಸದ ನಮಗೆ ಗೊತ್ತಿಲ್ಲ. ಕಲ್ಲು ಹೋದಾಗ ಅದರೆದುರು ಕೂರುತ್ತಿದ್ದ ಆ ಎರಡನೆಯವಳೂ ಹೋದಳು ಎಂಬುದನ್ನು ಮಾತ್ರ ನೆನಪಿಸುತ್ತಿದ್ದೇನೆ.

‘ಕೆರೆಗೆ ಹಾರ’ ಹಾಡಿನ ಭಾಗೀರಥಿಯನ್ನೇ ನೋಡಿ. ಊರಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ, ಕಿರಿಸೊಸೆಯನ್ನು ಬಲಿ ಕೊಡುವುದೆಂದು ಹಿರಿಯರು ತೀರ್ಮಾನಿಸಿದರು. ಅವಳು ತವರಿಗೆ ಹೋಗುತ್ತಾಳೆ. ಅಪ್ಪನ ಹತ್ತಿರ ನಿಜ ಬಾಯಿಗೆ ಬರುವುದಿಲ್ಲ, ಬೇರೆ ಏನೋ ಹೇಳುತ್ತಾಳೆ. ಗೆಳತಿಯ ಹತ್ತಿರ ಮಾತ್ರ ನಿಜ ಹೇಳುತ್ತಾಳೆ. ಆ ಗೆಳತಿಯೂ ತಡೆಯುವುದಿಲ್ಲ. ಸುದ್ದಿ ತಿಳಿದು ಬಂದ ಗಂಡ ಅದೇ ಕೆರೆಗೆ ಹಾರುತ್ತಾನೆ. ಇದನ್ನು ನಮಗೆ ಶಾಲೆಯಲ್ಲಿ ತ್ಯಾಗದ ಕಥೆಯೆಂದು ಹೇಳಿಕೊಟ್ಟರು. ಹಾಡು ಕಟ್ಟಿದವರಿಗೆ ಅದು ಏನೆಂದು ಚೆನ್ನಾಗಿ ಗೊತ್ತಿತ್ತು. ಕೆರೆ ತುಂಬಿತು ಎಂದು ಹೇಳಿ ಅವರು ಹಾಡು ಮುಗಿಸಬಹುದಿತ್ತು, ಹಾಗೆ ಮಾಡಲಿಲ್ಲ. ಗಂಡನನ್ನೂ ನೀರಿಗೆ ಇಳಿಸಿ ನಿಲ್ಲಿಸಿದರು. ಹಿರಿಯರ ತೀರ್ಮಾನದ ಮೇಲೆ ಹಿರಿಯರೇ ಕೊಟ್ಟ ತೀರ್ಪು ಅದು. ಅಪ್ಪ ನೆಟ್ಟ ಆಲದ ಮರದ ಗಾದೆ ಮಾಡಿದವರೂ ಅವರೇ ಅಲ್ಲವೇ?

ಇನ್ನು ಗಟ್ಟಿತನದ ಲೆಕ್ಕ. ಧಾತು, ಈಶ್ವರ ಸಂವತ್ಸರಗಳ ಬರ ಎಂದರೆ ಹಳೇ ಮೈಸೂರಿನ ಮುದುಕರು ಮೊನ್ನೆ ಮೊನ್ನೆಯವರೆಗೂ ಬೆಚ್ಚುತ್ತಿದ್ದರು. 1876ರಿಂದ 78ರವರೆಗಿನ ಮಾತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಅದು 42 ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಹತ್ತು ವರ್ಷದಲ್ಲಿ ಏರಬೇಕಾದ ಸಂಖ್ಯೆ ಇಷ್ಟು ಕುಸಿದದ್ದರಲ್ಲಿ ಆ ಬರದ್ದೇ ದೊಡ್ಡ ಪಾಲು. ಸತ್ತವರು ದುರ್ಬಲ ಮನಸ್ಸಿನವರೇ? ಅವರಿಗೆ ಪರಂಪರೆಯ ಬಲ ಇರಲಿಲ್ಲವೇ? ಅವರ ಬಳಿ ಇರದಿದ್ದದ್ದು ಹಗೇವು. ಊರ ನೆಲದಡಿ ಅಗೆದ ಗುಂಡಿಯಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದ ರಾಗಿಯೇ ನಮ್ಮ ಸೀಮೆಯ ನಿಜವಾದ ತಾಳಿಕೆ. ಆದರೆ ಹಗೇವು ಇದ್ದದ್ದು ಹೊಲ ಇದ್ದವನ ಮನೆಯಲ್ಲಿ. ಹೊಲವಿಲ್ಲದವನು ಹಳ್ಳಿ ಬಿಟ್ಟು ಗಂಜಿಕೇಂದ್ರದ ದಾರಿ ಹಿಡಿದ, ಎಷ್ಟೋ ಜನ ದಾರಿಯಲ್ಲೇ ಉಳಿದರು. ಸತ್ತವರಿಗೆ ಮೊಮ್ಮಕ್ಕಳಿಲ್ಲ, ಜಗಲಿ ಮೇಲೆ ಕೂತು ಅವರ ಬಗ್ಗೆ ಭಾಷಣ ಮಾಡುವವರೂ ಇಲ್ಲ. ಉಳಿದವರ ಮೊಮ್ಮಕ್ಕಳಾದ ನಾವು, ಉಳಿದದ್ದನ್ನೇ ಗುಣ ಎಂದುಕೊಂಡಿದ್ದೇವೆ. ಸ್ವಾತಂತ್ರ್ಯ ಬಂದಾಗ ಭಾರತೀಯನ ಸರಾಸರಿ ಆಯಸ್ಸು ಸುಮಾರು 32 ವರ್ಷ. ಅಜ್ಜಿ ಮಣ್ಣು ಮಾಡಿದ ಮೂರು ಮಕ್ಕಳು ಆ ಲೆಕ್ಕದ ಒಳಗೆ ಇದ್ದಾರೆ.

‘ನಮ್ಮ ಹಿರಿಯರು’ ಎನ್ನುವಾಗ ಆ ‘ನಮ್ಮ’ ಎಂಬುದು ಯಾರ್‍ಯಾರನ್ನು ಸೇರಿಸಿಕೊಂಡಿದೆ ಎಂದೂ ಕೇಳಬೇಕು. ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯಲ್ಲಿ, ನೇಗಿಲಿಗೆ ಎತ್ತಿನ ಬದಲು ಮನುಷ್ಯರನ್ನು ಹೂಡಿದ ಒಂದು ದೃಶ್ಯವಿದೆ. ಹಾಗೆ ಹೂಡಿಸಿಕೊಂಡವರಲ್ಲಿ ಬರೆದವರ ಅಪ್ಪನೂ ಒಬ್ಬರು. ಆ ಪುಸ್ತಕ ಓದಿದವರನ್ನು ಅದು ನಗಿಸುತ್ತಲೇ ಹೋಗುತ್ತದೆ. ಆ ನಗುವಿನಷ್ಟು ದೊಡ್ಡ ಚೇತರಿಕೆ ನನಗೆ ಕನ್ನಡದಲ್ಲಿ ಬೇರೆ ಗೊತ್ತಿಲ್ಲ. ಆದರೆ ಆ ನಗುವನ್ನು ಕೊಟ್ಟದ್ದು ನೊಗವಲ್ಲ. ಓದು, ಗೆಳೆಯರು, ಚಳವಳಿ ಕೊಟ್ಟದ್ದು. ನೊಗದ ನೆನಪನ್ನು ಮೊಮ್ಮಗನಿಗೆ ‘ನಿನ್ನ ಹೆಗಲಿನ ಶಕ್ತಿ’ ಎಂದು ಉಪದೇಶಿಸುವವನಿಗೆ ಏನು ಹೇಳಬೇಕೋ ನನಗೆ ತಿಳಿಯದು.

ಇತ್ತೀಚೆಗೆ ಈ ವಾದಕ್ಕೆ ವಿಜ್ಞಾನದ ಅಂಗಿ ತೊಡಿಸುವುದೂ ಶುರುವಾಗಿದೆ. ‘ಪೂರ್ವಜರ ಅನುಭವ ಡಿಎನ್ಎಯಲ್ಲಿ ಬರೆದಿರುತ್ತದೆ, ಅವರ ಧೈರ್ಯ ನಿಮ್ಮ ಜೀವಕೋಶದಲ್ಲಿದೆ’ ಎಂದು ಶಿಬಿರಗಳಲ್ಲಿ ಹೇಳುತ್ತಾರೆ. ಈ ಮಾತಿಗೆ ಹೆಚ್ಚಾಗಿ ಬಳಕೆಯಾಗುವುದು ನೆದರ್ಲೆಂಡ್ಸಿನ ಉದಾಹರಣೆ. 1944–45ರ ಚಳಿಗಾಲದಲ್ಲಿ ಜರ್ಮನರು ಆಹಾರ ಸಾಗಣೆ ತಡೆದಿದ್ದರಿಂದ ಅಲ್ಲಿ ಕ್ಷಾಮ ಬಿತ್ತು. ಆಗ ತಾಯಿಯ ಗರ್ಭದಲ್ಲಿದ್ದವರನ್ನು ಸುಮಾರು ಆರು ದಶಕಗಳ ನಂತರ ಪರೀಕ್ಷಿಸಿದಾಗ, ಒಂದು ಜೀನಿನ ಮೇಲೆ ಆ ಹಸಿವಿನ ಗುರುತು ಸಿಕ್ಕಿತು. ಇಲ್ಲಿಯವರೆಗೆ ನಿಜ. ಇದರಾಚೆಯದನ್ನು ಶಿಬಿರದವರು ಹೇಳುವುದಿಲ್ಲ. ಹಾಗೆ ಹುಟ್ಟಿದವರಲ್ಲಿ ಸಕ್ಕರೆಯ ತೊಂದರೆ, ಸ್ಕಿಜೋಫ್ರೇನಿಯಾ ಹೆಚ್ಚಾಗಿ ಕಂಡವು. ಧೈರ್ಯ ಹೆಚ್ಚಾಗಿ ಕಂಡಿತೆಂದು ಯಾರೂ ಬರೆದಿಲ್ಲ. ಹಸಿವು ದಾಟಿಸಿದ್ದು ಪೆಟ್ಟನ್ನು. ರಕ್ತದ ಮಾತೇ ಆಡಬೇಕೆಂದರೆ ಅಜ್ಜಿಯ ಗಟ್ಟಿತನಕ್ಕಿಂತ ಅವಳ ತಲೆನೋವು ನಮಗೆ ಬಂದಿರುವ ಸಾಧ್ಯತೆಯೇ ಹೆಚ್ಚು.

ಎದುರು ಪಕ್ಷದ ಕೈಯಲ್ಲಿ ಒಂದು ಒಳ್ಳೆಯ ದಾಳ ಇದೆ, ಅದನ್ನು ಬಚ್ಚಿಡುವುದು ಸರಿಯಲ್ಲ. ನಿಮ್ಹಾನ್ಸ್‌ನ ಮನೋವೈದ್ಯ ಆರ್. ರಘುರಾಮ್ ಮತ್ತು ಸಂಗಡಿಗರು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮಿಳುನಾಡಿನ ಒಂದು ಹಳ್ಳಿ ಗುಡಿಗೆ ಮನೋರೋಗಿಗಳನ್ನು ಕರೆತರುತ್ತಿದ್ದರು. ಅಲ್ಲಿ ಉಳಿದಿದ್ದ 31 ಜನರನ್ನು ವೈದ್ಯರು ಬಂದ ದಿನ ಒಮ್ಮೆ, ಹೊರಡುವ ದಿನ ಒಮ್ಮೆ ಅಳೆದು ನೋಡಿದರು. ಕೆಲವೇ ವಾರಗಳಲ್ಲಿ ರೋಗಲಕ್ಷಣದ ಅಂಕ ಸುಮಾರು ಶೇ 20ರಷ್ಟು ಇಳಿದಿತ್ತು. ನೋಡಿ, ಗುಡಿಯೇ ಗುಣ ಮಾಡಿತು ಎಂದು ಕುಣಿಯುವವರು ಮುಂದಿನ ಸಾಲನ್ನೂ ಓದಬೇಕು. ಅಲ್ಲಿ ಮಂತ್ರವಿರಲಿಲ್ಲ, ಬೇವಿನ ಸೊಪ್ಪಿನ ಏಟಿರಲಿಲ್ಲ, ದೆವ್ವ ಬಿಡಿಸುವ ವಿಶೇಷ ವಿಧಿ ಯಾವುದೂ ಇರಲಿಲ್ಲ. ಬೆಳಿಗ್ಗೆ ಒಂದು ಸರಳ ಪೂಜೆ. ಆಮೇಲೆ ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು. ಪ್ರತಿಯೊಬ್ಬನ ಜೊತೆ ಮನೆಯವರೊಬ್ಬರು ಉಳಿಯಲೇಬೇಕಿತ್ತು. ಮದ್ದು ಎಂದರೆ ಇಷ್ಟೇ: ಬೈಯದ ಒಂದು ಜಾಗ, ಕೈಗೊಂದು ಹಗುರ ಕೆಲಸ, ಪಕ್ಕದಲ್ಲಿ ತಮ್ಮವರೊಬ್ಬರು.

ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಳಗಿನ ಜಾವ ಬೆಂಕಿ ಬಿತ್ತು. ದರ್ಗಾದ ಸುತ್ತ ಬೆಳೆದಿದ್ದ ‘ಮಾನಸಿಕ ನಿಲಯ’ಗಳಲ್ಲಿ ಒಂದು ಅದು, ತೆಂಗಿನ ಗರಿಯ ಚಪ್ಪರ. ಒಳಗಿದ್ದವರ ಕಾಲಿಗೆ ಸರಪಳಿ. ಓಡಲಾಗದೆ 28 ಜನ ಸತ್ತರು. ಅಲ್ಲಿಯೂ ನಂಬಿಕೆ ಇತ್ತು, ಪರಂಪರೆ ಇತ್ತು, ಹರಕೆ ಇತ್ತು. ಇಲ್ಲದಿದ್ದದ್ದು ಪಕ್ಕದಲ್ಲಿ ಮನೆಯವರು. ರೋಗಿಯನ್ನು ತಂದು ಕಟ್ಟಿ, ದುಡ್ಡು ಕೊಟ್ಟು, ಊರಿಗೆ ಹೋಗಿದ್ದರು. ಗುಡಿಯದು ಅಥವಾ ದರ್ಗಾದ್ದು ಎಂಬ ವ್ಯತ್ಯಾಸ ಇದಲ್ಲ, ನಮ್ಮ ಸುತ್ತಲೂ ಎರಡೂ ಬಗೆಯ ಗುಡಿಗಳಿವೆ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ.

ನನ್ನ ಜಗಳ ಇರುವುದು ಇಲ್ಲೇ. ಹಿರಿಯರಲ್ಲಿ ಇದ್ದ ಬಲ ರಕ್ತದಲ್ಲಿರಲಿಲ್ಲ, ಏರ್ಪಾಟಿನಲ್ಲಿತ್ತು. ಏರ್ಪಾಟಿಗೆ ಬೆವರು ಬೇಕಿತ್ತು, ದಿನ ಬೇಕಿತ್ತು, ಧಾನ್ಯ ಬೇಕಿತ್ತು. ಬಾಣಂತನವನ್ನೇ ತೆಗೆದುಕೊಳ್ಳಿ. ಈಗ ಅದು ಸಾಂಬ್ರಾಣಿ, ಎಣ್ಣೆ, ಕಷಾಯದ ಡಬ್ಬಿಗಳಾಗಿ ಅಂದದ ಪೆಟ್ಟಿಗೆಯಲ್ಲಿ ಮಾರಾಟಕ್ಕಿದೆ. ಬಾಣಂತನದ ತಿರುಳು ಡಬ್ಬಿಯಲ್ಲಿ ಇರಲೇ ಇಲ್ಲ. ಮೂರು ತಿಂಗಳೋ ಐದು ತಿಂಗಳೋ ಹೆತ್ತವಳು ಗಂಡನ ಮನೆಯ ಒಲೆ ಮುಟ್ಟುವಂತಿರಲಿಲ್ಲ. ನಸುಕಿನಲ್ಲಿ ಯಾರೋ ಎದ್ದು ಹಂಡೆಗೆ ಉರಿ ಹಾಕುತ್ತಿದ್ದರು, ಯಾರೋ ಬೆನ್ನಿಗೆ ಎಣ್ಣೆ ತಿಕ್ಕಿ ತಂಬಿಗೆ ತಂಬಿಗೆ ಬಿಸಿನೀರು ಹೊಯ್ಯುತ್ತಿದ್ದರು, ಯಾರೋ ರಾತ್ರಿ ಮಗುವನ್ನು ಎತ್ತಿಕೊಂಡು ಓಡಾಡುತ್ತಿದ್ದರು. ಆ ‘ಯಾರೋ’ ಎನ್ನುವವರೇ ಮದ್ದು. ಬಾಣಂತಿಗೆ ನೀರು ಕೊಡಬಾರದು, ಹಣ್ಣು ಕೊಡಬಾರದು ಎಂದು ಒಣಗಿಸಿದವರೂ ಅದೇ ಮನೆಯವರು, ಅದನ್ನೂ ಹೇಳಿಬಿಡಬೇಕು. ಇವತ್ತು ಆರು ವಾರದ ಕೂಸನ್ನಿಟ್ಟುಕೊಂಡು ಎರಡು ಕೋಣೆಯ ಫ್ಲಾಟಿನಲ್ಲಿ ಒಬ್ಬಳೇ ಕೂತವಳಿಗೆ ನಾವು ಡಬ್ಬಿ ಕೊಡುತ್ತೇವೆ, ‘ನಮ್ಮಜ್ಜಿ ಎಂಟು ಹೆತ್ತಿದ್ದಳು’ ಎನ್ನುತ್ತೇವೆ. ಆ ‘ಯಾರೋ’ ಆಗಲು ನಮಗೆ ರಜೆ ಇಲ್ಲ.

ಪಾವಗಡದ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಆ ವಿದ್ಯೆ ಅವರ ರಕ್ತದಲ್ಲಿ ಬರಲಿಲ್ಲ; ತಮ್ಮ ಅಜ್ಜಿಯ ಹಿಂದೆ ಓಡಾಡಿ ಕೈಯಿಂದ ಕೈಗೆ ಕಲಿತದ್ದು. ಪರಂಪರೆ ಎನ್ನುವುದಕ್ಕೆ ಅರ್ಥ ಇದ್ದರೆ ಅದು ಈ ಓಡಾಟದಲ್ಲಿದೆ.

ಕೆರೆಯದೂ ಇದೇ ಕಥೆ. ನಮ್ಮ ರಾಜ್ಯದಲ್ಲಿ ಸುಮಾರು 36,000 ಕೆರೆಗಳಿವೆ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಶಾಸನಗಳನ್ನು ಓದಿದರೆ, ಕೆರೆ ಕಟ್ಟಿಸಿದ್ದರ ಜೊತೆಗೆ ಅದನ್ನು ಉಳಿಸಿಕೊಳ್ಳಲು ಬಿಟ್ಟ ಗದ್ದೆಯ ಲೆಕ್ಕವೂ ಇರುತ್ತದೆ. ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಪದಗಳು ಅಲ್ಲಿಂದ ಬಂದವು. ಹೂಳೆತ್ತಲು ಬಂಡಿ, ಏರಿಗೆ ಮಣ್ಣು, ತೂಬು ಕಾಯಲು ನೀರುಗಂಟಿ, ಎಲ್ಲಕ್ಕೂ ಏರ್ಪಾಟಿತ್ತು. ಬಹಳ ಕಡೆ ಆ ನೀರುಗಂಟಿ ದಲಿತ. ಎಲ್ಲರ ಗದ್ದೆಗೆ ನೀರು ಬಿಟ್ಟು ಊರ ಬಾವಿಯ ನೀರು ಮುಟ್ಟಲಾಗದವನು. ಮುಯ್ಯಾಳಿನ ಲೆಕ್ಕ, ಮದುವೆಮನೆಯ ಮುಯ್ಯಿ, ಸಾವಿನ ಮನೆಗೆ ನೆಂಟರು ಹೊತ್ತು ತರುತ್ತಿದ್ದ ಅಡುಗೆ, ಯಾವುದೂ ಪುಕ್ಕಟೆ ಇರಲಿಲ್ಲ. ಕೊಟ್ಟವನು ಕೇಳುತ್ತಿದ್ದ, ತೆಗೆದುಕೊಂಡವನು ತೀರಿಸುತ್ತಿದ್ದ. ನಾವು ಆ ಲೆಕ್ಕದ ಪುಸ್ತಕವನ್ನು ಹರಿದು ಹಾಕಿ, ರಟ್ಟನ್ನು ಮಾತ್ರ ಪೂಜೆಗೆ ಇಟ್ಟುಕೊಂಡಿದ್ದೇವೆ.

ಮತ್ತೊಂದು ವಿಚಿತ್ರ: ‘ಬೇರಿಗೆ ಮರಳಿ’ ಎನ್ನುವವರಿಗಿಂತ ಹಿರಿಯರೇ ಹೊಸತಿಗೆ ಹೆಚ್ಚು ತೆರೆದುಕೊಂಡಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಮನೆ ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡರು. ಇಲಿ ಬಿದ್ದ ಮನೆಯಲ್ಲಿ ಕೂತು ವಂಶದ ಬಲ ಪರೀಕ್ಷಿಸಲಿಲ್ಲ. ಬಸವನಗುಡಿ, ಮಲ್ಲೇಶ್ವರ ಎಂಬ ಹೊಸ ಬಡಾವಣೆಗಳು ತುಂಬಿಕೊಂಡದ್ದು ಆ ಹೆದರಿಕೆಯ ಹಿಂದೆಯೇ. ಅದೇ ಜನ ಪ್ಲೇಗಮ್ಮ ಎಂಬ ಹೊಚ್ಚಹೊಸ ದೇವಿಗೆ ಗುಡಿಯನ್ನೂ ಕಟ್ಟಿದರು. ದೇವರನ್ನೂ ಹೊಸದಾಗಿ ಮಾಡಿಕೊಳ್ಳಬಲ್ಲವರಾಗಿದ್ದರು. ಅದಕ್ಕೂ ಮೊದಲು, 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಒಂದು ವರ್ಣಚಿತ್ರದಲ್ಲಿ ಮೈಸೂರಿನ ರಾಣಿ ದೇವಾಜಮ್ಮಣ್ಣಿ ಸೆರಗು ಸರಿಸಿ ತೋಳು ತೋರಿಸುತ್ತಾರೆ. ಅದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರರು ಓದಿದ್ದಾರೆ. ಲಸಿಕೆ ಆಗ ಇಂಗ್ಲೆಂಡಿಗೇ ಹೊಸದು.

ಮನಸ್ಸಿನ ಕಾಯಿಲೆಯ ವಿಷಯದಲ್ಲೂ ನಮ್ಮ ನಾಡು ಹೀಗೇ ನಡೆದುಕೊಂಡಿದೆ. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಒಂದು ಪ್ರಯೋಗ ಶುರುಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ಮಾನಸಿಕ ರೋಗ ಗುರುತಿಸಿ ಔಷಧಿ ಕೊಡಲು ತರಬೇತಿ ಕೊಟ್ಟರು, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಲಕ್ಷಣ ಹೇಳಿಕೊಟ್ಟರು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಬಳ್ಳಾರಿಯೇ. ಇದನ್ನು ನಾನು ಪರಂಪರೆ ಎನ್ನುತ್ತೇನೆ. ಯಾವ ಶಿಬಿರದವನೂ ಇದರ ಹೆಸರು ಹೇಳಿದ್ದನ್ನು ಕೇಳಿಲ್ಲ.

2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಬೇರೆ ಬೇರೆ ತೊಂದರೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರು ಶೇ 70ರಿಂದ 92. ಆಸ್ಪತ್ರೆ ದೂರ, ವೈದ್ಯರು ಕಡಿಮೆ, ಕೈಯಲ್ಲಿ ದುಡ್ಡಿಲ್ಲ, ಎಲ್ಲ ಹೌದು. ಇವುಗಳ ಸಾಲಿಗೆ ‘ನಮ್ಮ ಮನೆತನದಲ್ಲಿ ಇಂಥದ್ದೆಲ್ಲ ಇಲ್ಲ’ ಎಂಬ ಮಾತನ್ನೂ ಸೇರಿಸಿ. ಜಗಲಿಯ ಮೇಲೆ ಹಿರಿಯರ ಗುಣಗಾನ ಕೇಳಿ ತಲೆ ತಗ್ಗಿಸಿದ ಹುಡುಗಿಗೆ ಅವತ್ತು ತಿಳಿದದ್ದು ಒಂದೇ: ತನ್ನದು ಕಾಯಿಲೆಯಲ್ಲ, ವಂಶಕ್ಕೆ ಕಳಂಕ.

ಅವತ್ತು ಬಾಗಿಲು ತೆಗೆಯುವ ಮೊದಲು ದೊಡ್ಡಪ್ಪ ವಾಡಿಕೆಯಂತೆ ಕೆಮ್ಮಿ ಸದ್ದು ಮಾಡಿದರು. ಒಳಗೆ ಹೋದೆವು. ಎಡೆ ಎತ್ತಿ ಎಲ್ಲರಿಗೂ ಹಂಚಿದರು. ಬೀಡಿ ಒಬ್ಬರ ಜೇಬು ಸೇರಿತು, ಬಳೆ ಮನೆಯ ಚಿಕ್ಕ ಹುಡುಗಿಯ ಕೈ ಸೇರಿತು. ಮಾತ್ರೆಯ ಪಟ್ಟಿ ಮಾತ್ರ ಎಲೆಯ ಮೇಲೇ ಉಳಿದಿತ್ತು. ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಮುಂದೆ ಕೂತಿದ್ದ ಚಿಕ್ಕಮ್ಮ ಬಂದು, ಯಾರಿಗೂ ಹೇಳದೆ, ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಒಳಗೆ ಹೋದಳು.

ಈ ಸಲ ಹಿರಿಯರ ಹಬ್ಬಕ್ಕೆ ಊರಿಗೆ ಹೋಗುವವರಲ್ಲಿ ಒಂದು ಕೇಳಿಕೆ. ಬಾಗಿಲು ಮುಚ್ಚಿ ಜಗಲಿಯಲ್ಲಿ ಕೂರುವ ಹೊತ್ತಿನಲ್ಲಿ ಭಾಷಣ ಬೇಡ. ಅಡುಗೆಮನೆಗೆ ಹೋಗಿ, ಅಲ್ಲಿರುವವಳನ್ನು ಮಣೆಯ ಮೇಲೆ ಕೂರಿಸಿ, ಒಂದು ದಿನವಾದರೂ ಮೊದಲು ಅವಳಿಗೆ ಬಡಿಸಿ. ತಲೆನೋವು ಎಷ್ಟು ದಿನದಿಂದ ಎಂದು ಕೇಳಿ. ಉತ್ತರ ಉದ್ದವಾದರೆ ಎದ್ದು ಹೋಗಬೇಡಿ. ಮೂಲೆಯಲ್ಲಿ ತಲೆ ತಗ್ಗಿಸಿ ಕೂತ ಹುಡುಗನೋ ಹುಡುಗಿಯೋ ಇದ್ದರೆ ಟೆಲಿ ಮಾನಸ್ ಸಹಾಯವಾಣಿಯ ನಂಬರು ಬರೆದು ಕೊಡಿ: 14416. ದುಡ್ಡು ಬೇಕಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.